ಕಾಕಾನ ಕಿಸೆ ಸೀರೆ

ಇಡೀ ರಬಕವಿಯಲ್ಲಿ ಹಾಡಹಗಲೇ ಸೀರೆ ಉಟ್ಟು ಮಗ್ಗದ ಮುಂದೆ ನಿಂತ ಗಂಡಸು ಒಬ್ಬನೇ ಒಬ್ಬ. ಅವನು ನಮ್ಮ ಕಾಕಾ! ನೇಕಾರರ ಊರು, ಸೀರೆಗೇನೂ ಬರವಿಲ್ಲ. ಅಲ್ಲಿಯ ಗಂಡಸರು ಸೀರೆ ನೇಯುತ್ತಾರೆ, ಮಡಚುತ್ತಾರೆ, ಹೆಗಲ ಮೇಲೆ ಹೊತ್ತು ಬನಹಟ್ಟಿ ಪೇಟೆಗೆ ಒಯ್ಯುತ್ತಾರೆ, ರೇಟಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ. ಆದರೆ ಉಡುವುದು? ನಾಟಕ ಕಂಪನಿಯ ಸ್ತ್ರೀಪಾತ್ರದವರನ್ನು ಬಿಟ್ಟರೆ ಆ ಪರಾಕ್ರಮ ಮಾಡುವವನು ನಮ್ಮ ಮನೆತನದಲ್ಲೇ ಹುಟ್ಟಬೇಕಿತ್ತೆ?

ನಾನು ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಸಾಲೆಯ ಟೀಚರು. ಸ್ಟಾಫ್ ರೂಮಿನಲ್ಲಿ ಮಾತು ರಬಕವಿಯ ಕಡೆ ಹೊರಳಿತೆಂದರೆ ನನಗೆ ಥಟ್ಟನೆ ಪೇಪರು ತಿದ್ದುವ ಕೆಲಸ ನೆನಪಾಗುತ್ತಿತ್ತು. “ನಿಮ್ಮೂರಾಗ ಯಾರೋ ಒಬ್ರು ಸೀರಿ ಉಟ್ಟಿದ್ರಂತಲ್ರಿ?” ಎಂದು ಯಾರಾದರೂ ಕೇಳಿದರೆ, “ಹೌದೇನ್ರಿ? ನಾ ಕೇಳೇ ಇಲ್ಲ ನೋಡ್ರಿ!” ಎಂದು ಕಣ್ಣು ಅಗಲಿಸುತ್ತಿದ್ದೆ. ಒಂದಲ್ಲ ಎರಡಲ್ಲ, ಎಷ್ಟೋ ಸಲ ಹೀಗೆ ಕಣ್ಣು ಅಗಲಿಸಿದ್ದೇನೆ. ಈಗ ಹೇಳಿಬಿಡುತ್ತೇನೆ, ಕೇಳಿದ್ದೆ. ಕೇಳಿದ್ದೇನು, ಕಣ್ಣಾರೆ ನೋಡಿದ್ದೆ. ಅವತ್ತು ಆ ಸೀರೆಯ ನಿರಿಗೆ ಹಿಡಿದುಕೊಟ್ಟವಳೇ ನಾನು!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಅಪ್ಪ, ಅವ್ವ ಇಬ್ಬರೂ ನಾನು ಸಣ್ಣವಳಿದ್ದಾಗಲೇ ಹೋದದ್ದರಿಂದ ನನ್ನನ್ನು ಬೆಳೆಸಿ, ಓದಿಸಿ, ಟೀಚರ್ ಮಾಡಿದ್ದು ಕಾಕಾ ಮತ್ತು ಅವನ ಹೆಂಡತಿ, ನಮ್ಮ ಚಿಗವ್ವ. ಅವರಿಗೆ ಬೇರೆ ಮಕ್ಕಳಿಲ್ಲ. ಆ ಮನೆಯಲ್ಲಿ ಹುಟ್ಟುತ್ತಿದ್ದದ್ದು ಐಡಿಯಾಗಳು ಮಾತ್ರ, ಅವಕ್ಕೆ ಲೆಕ್ಕವಿರಲಿಲ್ಲ. ಐಡಿಯಾ ಹುಟ್ಟುವ ಗಳಿಗೆಯಲ್ಲಿ ಕಾಕಾ ಪವರ್‌ಲೂಮನ್ನು ಗಕ್ಕನೆ ನಿಲ್ಲಿಸಿ, ನೂಲು ಸುತ್ತಿದ ಕಂಡಿಕೆಯ ತುದಿಯಿಂದ ಕಿವಿ ತುರಿಸಿಕೊಂಡು, “ಬಂತು! ಬಂತು!” ಎಂದು ಕೂಗುತ್ತಿದ್ದ. ಚಿಗವ್ವ ಮೊದಮೊದಲು ನಳದ ನೀರು ಬಂತೆಂದು ಕೊಡ ಹಿಡಿದು ಓಡುತ್ತಿದ್ದಳಂತೆ. ಆಮೇಲೆ ಆಕೆಗೂ ಬುದ್ಧಿ ಬಂದು, ಆ ಕೂಗು ಕೇಳಿದ ಕೂಡಲೇ ಮನೆಯಲ್ಲಿದ್ದ ಒಳ್ಳೆಯ ನೂಲನ್ನೆಲ್ಲ ಅಟ್ಟದ ಮೇಲೆ ಮುಚ್ಚಿಡುವುದನ್ನು ರೂಢಿ ಮಾಡಿಕೊಂಡಳು.

ನನಗೆ ನೆನಪಿರುವ ಮೊದಲ ಐಡಿಯಾ ಅಳತೆಯ ಟವೆಲ್. ರೈತರ ಹೆಗಲ ಮೇಲೆ ಟವೆಲ್ ಹೇಗೂ ಇರುತ್ತದೆ, ಅದರಲ್ಲೇ ಅಡಿ, ಇಂಚಿನ ಗೆರೆ ನೇಯ್ದುಬಿಟ್ಟರೆ ಟೇಪು ಯಾಕೆ ಬೇಕು? ಕೇಳಲು ಎಷ್ಟು ಚಂದ! ಅಂಚಿನುದ್ದಕ್ಕೂ ಕೆಂಪು ಗೆರೆ ಇಟ್ಟು ಒಂದು ಡಜನ್ ನೇಯ್ದ. ಮರೆತದ್ದು ಒಂದೇ, ಹತ್ತಿಯ ನೂಲು ನೀರು ಕಂಡರೆ ಕುಗ್ಗುತ್ತದೆ ಎಂಬುದನ್ನು. ನೇಕಾರರ ಹೊಟ್ಟೆಯಲ್ಲಿ ಹುಟ್ಟಿದವನು ಮರೆಯುವ ಮಾತೆ ಅದು? ಲೋಕಾಪುರದ ಒಬ್ಬ ಬಡಿಗ ಆ ಟವೆಲ್ಲಿನಿಂದ ಒಂದು ಮನೆಯ ಚೌಕಟ್ಟಿಗೆ ಅಳತೆ ತೆಗೆದ. ಆ ವಾರ ಅವನ ಹೆಂಡತಿ ಟವೆಲ್ಲನ್ನು ಒಗೆದು ಹಾಕಿದಳು. ಮುಂದಿನ ವಾರ ಅದೇ ಟವೆಲ್ಲಿನಿಂದ ಬಾಗಿಲಿಗೆ ಅಳತೆ ತೆಗೆದ! ಬಾಗಿಲು ಚೌಕಟ್ಟಿನೊಳಗೆ ಕೂಡುವ ಬದಲು ಸಲೀಸಾಗಿ ಹಾದು ಆಚೆ ಹೋಯಿತಂತೆ. ಆ ಮನೆಯವರು ಬಾಗಿಲನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಳಿಸಿ, “ಇದನ್ನ ನೀವ ಹಾಕ್ಕೋರಿ” ಎಂದು ಹೋದರು. ಆಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ಓಣಿಯ ಹುಡುಗಿಯರು ಒಂದು ತಿಂಗಳು ನನ್ನನ್ನು ‘ಬಾಗಲಾ’ ಎಂದೇ ಕರೆದರು. ಕಾಕಾ ಏನು ಮಾಡಿದ ಗೊತ್ತೆ? ಬಾಗಿಲಿನ ಮೇಲೆ ಅಡ್ಡಾಗಿ ನೋಡಿ, “ಸಾಗವಾನಿ ಬೇ, ಲುಕ್ಸಾನ ಏನೂ ಇಲ್ಲ” ಎಂದ.

ಎರಡನೆಯದು ಹೆಸರಿನ ಖಣ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ಇಟ್ಟು ಉಡಿ ತುಂಬಿ ಕಳಿಸುತ್ತಾರೆ. ಅಂದರೆ ಒಂದೊಂದು ಖಣವೂ ಒಂದೊಂದು ಹೊಸ ಮನೆ ಹೊಗುತ್ತದೆ. ಅಂಚಿನಲ್ಲಿ ತನ್ನ ಹೆಸರು, ಊರು ನೇಯ್ದುಬಿಟ್ಟರೆ ಪುಗಸಟ್ಟೆ ಜಾಹೀರಾತು! ನೇಯ್ದ. ಮಾರಿದ. ಆದರೆ ಪರಗಂಡಸಿನ ಹೆಸರು ಬರೆದ ಬಟ್ಟೆಯಲ್ಲಿ ಯಾವ ಹೆಣ್ಣುಮಗಳು ಕುಪ್ಪಸ ಹೊಲಿಸಿಯಾಳು? ಎದೆಯ ಮೇಲೆ ಬಂದರೆ ಒಂದು ಗತಿ, ಬೆನ್ನ ಮೇಲೆ ಬಂದರೆ ಇನ್ನೊಂದು ಗತಿ! ಎಲ್ಲರೂ ಆ ಖಣವನ್ನು ಹೊಲಿಸದೆ ಇಟ್ಟುಕೊಂಡು, ಮತ್ತೊಬ್ಬರು ಮನೆಗೆ ಬಂದಾಗ ಅವರ ಉಡಿಗೆ ಹಾಕಿ ಕೈ ತೊಳೆದುಕೊಂಡರು.

ಮೂರು ವರ್ಷವಾದ ಮೇಲೆ ಬೀಳಗಿ ಕಡೆಯ ಬೀಗರೊಬ್ಬರ ವಾಸ್ತುಶಾಂತಿ. ಹಿನ್ನೀರಿಗೆ ಊರು ಹೋಗಿ ಹೊಸ ಜಾಗದಲ್ಲಿ ಮನೆ ಕಟ್ಟಿಸಿದವರು. ಅಲ್ಲಿ ಚಿಗವ್ವನ ಉಡಿಗೆ ಬಂದ ಖಣವನ್ನು ಬಿಚ್ಚಿ ನೋಡಿದರೆ ಕಾಕಾನ ಹೆಸರು! ಮಡಿಕೆ ಕೂಡ ಅಲುಗಿಲ್ಲ, ಮೂರು ವರ್ಷದ ಅರಿಷಿಣದ ಬೊಟ್ಟುಗಳು ಒಂದರ ಪಕ್ಕ ಒಂದು ಕೂತಿವೆ. ಉಡಿ ತುಂಬಿದ ಅಜ್ಜಿ ಹತ್ತು ಜನರ ನಡುವೆ ಅಕ್ಷರ ಕೂಡಿಸಿ ಕೂಡಿಸಿ ಓದಿ, “ಇಂವಾ ಯಾರ ಬೇ ನಿನಗ?” ಎಂದು ಕೇಳಿದಳು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಚಿಗವ್ವ, “ನನ್ನ ಗಂಡ. ಖಣದಾಗೂ ಬೆನ್ನ ಬಿಡವಲ್ಲ” ಎಂದು ತಾನೂ ನಕ್ಕಳು. ನಾನು ಮಾತ್ರ ಎದ್ದು ಹೋಗಿ ಅಡಿಗೆಮನೆಯ ಹಿಂದೆ ನಿಂತುಬಿಟ್ಟೆ, ನನಗೆ ಅಷ್ಟು ನಾಚಿಕೆಯಾಗಿತ್ತು. ಮನೆಗೆ ಬಂದು ಕಾಕಾನ ಮುಂದೆ ಹೇಳಿದರೆ ಅವನ ಮುಖ ಅರಳಿತು. “ನೋಡ್ದ್ಯಾ ಬೇ, ನನ್ನ ಮಾಲು ಎಲ್ಲಿ ಮಟಾ ಅಡ್ಡಾಡಿ ಬಂದೈತಿ!” ಒಂದು ಖಣ ಮೂರು ವರ್ಷ ತಿರುಗಿ ಒಂದು ಕುಪ್ಪಸವೂ ಆಗದೆ ವಾಪಸು ಬಂದದ್ದು ಅವನಿಗೆ ಸೋಲು ಅಂತ ಅನಿಸಲೇ ಇಲ್ಲ.

ಆಮೇಲೆ ಬಂದದ್ದೇ ಮೊಬೈಲು. ನಮ್ಮ ಓಣಿಗೆ ಅದು ಬಂದ ಹೊಸತು. ಮಗ್ಗದ ಸಪ್ಪಳದಲ್ಲಿ ಕಾಕಾನಿಗೆ ಫೋನು ಕೇಳಿಸುವುದಿಲ್ಲವೆಂದು ಚಿಗವ್ವನ ಕೈಗೆ ಒಂದನ್ನು ಕೊಡಿಸಿದ್ದೆ. ಆಕೆ ಅದನ್ನು ಇಡುವುದೆಲ್ಲಿ? ಎಲೆ ಅಡಿಕೆ ಚೀಲ ಸಿಕ್ಕಿಸುವ ಟೊಂಕದಲ್ಲಿಯೇ ಸಿಕ್ಕಿಸಿದಳು. ಒಂದು ದಿನ ನೂಲಿಗೆ ಹಚ್ಚುವ ಗಂಜಿಯನ್ನು ಬಗ್ಗಿ ತಿರುವುವಾಗ ಫೋನು ಪುಳಕ್ಕನೆ ಜಾರಿ ಗಂಜಿಯೊಳಗೆ ಬಿತ್ತು. ಬಿದ್ದದ್ದು ಸುಮ್ಮನಿತ್ತೆ? ಗಂಜಿಯೊಳಗಿಂದಲೇ ಒಂದು ಸಲ ರಿಂಗಾಯಿತು! ಚಿಗವ್ವ ಹೌಹಾರಿ ಹಿಂದೆ ಸರಿದಳು. ಕಾಕಾ ಓಡಿ ಬಂದವನು ಫೋನನ್ನು ನೋಡಲಿಲ್ಲ, ಹೆಂಡತಿಯ ಟೊಂಕವನ್ನೇ ನೋಡುತ್ತ ನಿಂತು ಕಿವಿ ತುರಿಸಿಕೊಂಡ.

“ಬಂತು! ಇದು ಫೋನಿನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ. ಸೀರಿ ತಪ್ಪು! ನನ್ನ ಅಂಗಿಗೆ ಎರಡ ಕಿಸೆ, ಚಡ್ಡಿಗೆ ಎರಡ ಕಿಸೆ. ನಿಮಗ ಒಂದರ ಐತೇನು? ನಾವ್ ನೇಕಾರ್ರು ಇಷ್ಟ ವರ್ಷ ಏನ್ ಮಾಡಾಕತ್ತೇವಿ?”

“ಒಂದ ತುಂಡ ಅರಿವಿ ಹೊಲದ್ರ ಆತಲ್ಲ ಕಾಕಾ?” ಎಂದೆ ನಾನು.

ಕಾಕಾ ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದ. “ತ್ಯಾಪಿ ಹಚ್ಚಾಕ ನಾ ಏನ್ ಹರಕ ಸೀರಿ ಮಾರಾಂವೇನು? ಹೊಲಿಗಿ ಇಲ್ಲ, ಸೂಜಿ ಇಲ್ಲ. ಕಿಸೆ ಮಗ್ಗದಾಗ ಹುಟ್ಟಬೇಕು!”

ಇಷ್ಟು ಹೇಳಿ ಬೀದಿ ಕಡೆಯ ಕೋಣೆಗೆ ಹೋಗಿ ಅಜ್ಜನ ಕಾಲದ ಕೈಮಗ್ಗದ ಧೂಳು ಹೊಡೆದ. ನೇಯುತ್ತ ನೇಯುತ್ತ ಅಂಗೈ ಅಗಲದ ಒಂದು ಜಾಗದಲ್ಲಿ ಬಟ್ಟೆ ಎರಡು ಪದರಾಗಬೇಕು, ಮೂರು ಕಡೆ ಕೂಡಿಕೊಳ್ಳಬೇಕು, ಒಂದು ಕಡೆ ಬಾಯಿ ತೆರೆದಿರಬೇಕು. ಪವರ್‌ಲೂಮಿಗೆ ಅಷ್ಟು ತಾಳ್ಮೆ ಎಲ್ಲಿದೆ? ಕೈಯಿಂದಲೇ ಎಳೆ ಎಳೆ ಎತ್ತಿ ಲಾಳಿ ಹಾಯಿಸಬೇಕು. ನಾಲ್ಕು ತಿಂಗಳು ಹತ್ತಿತು. ಕಿಸೆ ಮೊದಲು ಬರೀ ಗಂಟಾಗಿ ಬಂತು, ಆಮೇಲೆ ನಾಲ್ಕೂ ಕಡೆ ಮುಚ್ಚಿಕೊಂಡು ಬಂತು, ಕೊನೆಗೊಮ್ಮೆ ನಿಜವಾದ ಕಿಸೆಯಾಗಿಯೇ ಬಂತು. ಖರೆ ಹೇಳುತ್ತೇನೆ, ಕೈ ಹಾಕಿ ನೋಡಿ ನಾನೇ ಬೆರಗಾದೆ. ಹೊಲಿಗೆಯ ಗುರುತೇ ಇಲ್ಲ, ಸೀರೆಯ ಮೈಯೇ ಬಾಯಿ ಬಿಟ್ಟಿತ್ತು.

ಚಿಗವ್ವ ಉಟ್ಟು ಹೊರಗೆ ಬಂದಳು. ನಾವಿಬ್ಬರೂ ಹುಡುಕಿದೆವು. ಮುಂದೆ ಇಲ್ಲ, ಬಲಕ್ಕಿಲ್ಲ, ಎಡಕ್ಕಿಲ್ಲ. ತಿರುಗಿದಳು ನೋಡಿ! ಚಿಗವ್ವ ಹಳೆಯ ಪದ್ಧತಿಯಂತೆ ಕಚ್ಚೆ ಹಾಕಿ ಉಡುವವಳು. ಕಿಸೆ ಸರಿಯಾಗಿ ಆಕೆ ಕೂಡುವ ಜಾಗದಲ್ಲಿತ್ತು, ಅದೂ ಬಾಯಿ ಕೆಳಗಾಗಿ.

“ಫೋನ್ ಬಂದ್ರ ನಾ ಎದ್ದ ನಿಂದರಬೇಕೇನ್ರಿ?” ಎಂದಳು ಚಿಗವ್ವ.

“ಬ್ಯಾಡ, ಫೋನ ತಾನ ಕೆಳಗ ಬೀಳತೈತಿ” ಎಂದೆ ನಾನು.

ಕಾಕಾ ನಗಲಿಲ್ಲ. ಆ ಸೀರೆಯನ್ನು ಬಿಚ್ಚಿಸಿ, ಅಂಗಡಿಯಲ್ಲಿ ಇಡುವಂತೆ ಮಡಚಿ ತೋರಿಸಿದ. ಮಡಿಕೆಯಲ್ಲಿ ಕಿಸೆ ಮುಂದೆ, ನಟ್ಟನಡುವೆ, ಬಾಯಿ ಮೇಲಾಗಿ ಎಷ್ಟು ಲಕ್ಷಣವಾಗಿ ಕೂತಿತ್ತು ಅಂತೀರಿ! ಆಗ ನನಗೆ ತಿಳಿಯಿತು. ನಮ್ಮ ನೇಕಾರರು ಸೀರೆಯನ್ನು ನೋಡುವುದು ಎರಡೇ ಕಡೆ, ಒಂದು ಮಗ್ಗದಲ್ಲಿ, ಇನ್ನೊಂದು ಮಡಿಕೆಯಲ್ಲಿ. ಅದು ಮೈಮೇಲೆ ಹೇಗೆ ಸುತ್ತಿಕೊಳ್ಳುತ್ತದೆ, ಯಾವ ಅಂಚು ಮೇಲೆ ಹೋಗುತ್ತದೆ, ಯಾವುದು ಒಳಗೆ ಸೇರುತ್ತದೆ ಎಂಬುದು ಸಾವಿರಾರು ಸೀರೆ ನೇಯ್ದ ನಮ್ಮ ಕಾಕಾನಿಗೆ ಗೊತ್ತೇ ಇರಲಿಲ್ಲ! ಅವನಿಗೂ ತನ್ನ ಅಜ್ಞಾನ ಆಗಲೇ ಹೊಳೆದದ್ದು. “ನಾ ಕುರುಡಾಗಿ ನೇದೇನಿ ಇಷ್ಟ ದಿನ” ಎಂದ.

ಈಗಿನವರು ಉಡುವ ಆರು ಗಜದ ಸೀರೆಯಲ್ಲಿ ಎರಡನೆಯ ಕಿಸೆ ಹಾಕಿದ. ಆ ಭಾನುವಾರ ನಾನು ಊರಿಗೆ ಹೋಗಿದ್ದೆ. “ನೀ ಉಟ್ಟ ತೋರ್ಸು ಬೇ. ನೀ ನಿರಿಗಿ ಬಿಟ್ಟ ಗೋಲ ಉಡಾಕಿ, ಎಲ್ಲಿ ಬರತೈತಿ ನೋಡ್ತೇನಿ” ಎಂದ. ನನಗೆ ಹೇಗೋ ಆಯಿತು. ಗೊಂಬೆಯ ಹಾಗೆ ನಿಂತು ಸೊಂಟ ತೋರಿಸುವುದೆಂದರೆ? ಎದುರು ಮನೆಯ ಕಟ್ಟೆಯ ಮೇಲೆ ಬೇರೆ ಜನ ಕೂತಿದ್ದರು. “ಒಲ್ಲೆ ಕಾಕಾ, ನನಗ ನಾಚಿಕಿ ಬರತೈತಿ” ಎಂದುಬಿಟ್ಟೆ.

“ಆತು ಬಿಡು. ಹೆಂಗ ಉಡೂದು ಹೇಳು, ನಾನ ಉಡ್ತೇನಿ.”

ಇದೋ ಬಂತು ನೋಡಿ ಆ ಐತಿಹಾಸಿಕ ಗಳಿಗೆ! ಅಂಗಿಯ ಮೇಲೆಯೇ ಸೀರೆ ಸುತ್ತಿಸಿಕೊಂಡ. ನಗು ತಡೆಯಲಾಗದೆ ನಾನು ನಿರಿಗೆ ಹಿಡಿದೆ, ಚಿಗವ್ವ ಸೆರಗು ಹೊದಿಸಿದಳು. ಕಿಸೆ ತಕ್ಕ ಜಾಗಕ್ಕೇ ಬಂತು. ಕಾಕಾ ಬೀಡಿ ಕಟ್ಟನ್ನು ಅದರಲ್ಲಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ನಡೆಸಿದ್ದಾಗ ಬಾಗಿಲಲ್ಲಿ ಬನಹಟ್ಟಿಯ ಸಾವಕಾರ! ನಮ್ಮ ಸೀರೆಗಳನ್ನೆಲ್ಲ ಕೊಳ್ಳುವವನು ಅವನೇ. ನಾನು ಒಳಗೆ ಓಡಿದೆ.

“ಏನ್ರಿ ಇದು ಅವತಾರ?”

“ಅವತಾರ ಅಲ್ರಿ ಸಾವಕಾರ್ರ, ನಮೂನಿ! ಕೈ ಹಾಕಿ ನೋಡ್ರಿ, ಕೈ ಹಾಕ್ರಿ!”

ಸಾವಕಾರ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ನಕ್ಕ, ಕಟ್ಟೆ ಹಿಡಿದುಕೊಂಡು ನಕ್ಕ. ಆದರೆ ಅವನು ಬಟ್ಟೆಯ ಮನುಷ್ಯ. ಕಿಸೆಯೊಳಗೆ ಬೆರಳಾಡಿಸಿದ ಮೇಲೆ ನಗು ನಿಂತಿತು. “ಕೆಲಸ ಛಲೋ ಐತ್ರಿ. ಆದ್ರ ಇದು ನಿಮ್ಮ ಹೊಟ್ಟಿ ಸುತ್ತಳತಿಗೆ ಕುಂತೈತಿ. ಹೆಣ್ಮಕ್ಕಳು ಉಟ್ರ ಬೆನ್ನಿಗೆ ಹೋಗತೈತಿ. ಜಾಗಾ ಸರಿ ಮಾಡಿ ಒಂದ ನಮೂನಿ ತರ್ರಿ, ಇಪ್ಪತ್ತ ಸೀರಿ ಆರ್ಡರ್ ನಂದು” ಎಂದ. ನಮ್ಮ ಕಾಕಾನ ಐಡಿಯಾಕ್ಕೆ ಒಬ್ಬರು ‘ಹೂಂ’ ಅಂದದ್ದು ಹುಟ್ಟಿದ ಮೇಲೆ ಅದೇ ಮೊದಲು! ಆ ಸಂಜೆ ಅವನು ಊಟ ಮಾಡುವಾಗಲೂ ಆ ಇಪ್ಪತ್ತನ್ನೇ ಜಪಿಸಿದ. ಅದೇ ಸಂಜೆ ಸಾವಕಾರನ ಬಾಯಿಂದ ಹೊರಟ ಸುದ್ದಿ ಮಾರನೆಯ ದಿನ ನನಗಿಂತ ಮೊದಲು ಜಮಖಂಡಿಯ ಬಸ್ಸು ಹತ್ತಿತ್ತು.

ಇಲ್ಲಿಯವರೆಗೆ ನೀವು ನಕ್ಕಿದ್ದರೆ ನನ್ನ ಅಡ್ಡಿಯಿಲ್ಲ. ಇನ್ನು ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಿಸೆ ಯಾವ ಜಾಗದಲ್ಲಿರಬೇಕು? ಕಾಕಾ ಯೋಚಿಸಿದ. ಹೆಣ್ಣುಮಕ್ಕಳು ಬಸ್ಸಿಗೆ ದುಡ್ಡು ತೆಗೆಯುವಾಗ, ಕೀಲಿ ಸಿಕ್ಕಿಸುವಾಗ ಕೈ ತಾನಾಗಿ ಟೊಂಕದ ಯಾವ ಕಡೆ ಹೋಗುತ್ತದೋ ಅಲ್ಲಿ ಕಿಸೆ ಇರಬೇಕು. ಅದನ್ನು ತಿಳಿಯಬೇಕೆಂದರೆ ನೂರಾರು ಹೆಂಗಸರು ಒಂದೇ ಕಡೆ ಸೇರುವಲ್ಲಿ ನಿಂತು ನೋಡಬೇಕು. ಸರಿ, ಒಂದು ನೋಟ್‌ಬುಕ್ಕು ಹಿಡಿದು ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ನಿಂತ! ಹೆಂಗಸರ ಸೊಂಟ ನೋಡುವುದು, ಗೆರೆ ಎಳೆಯುವುದು. ಮತ್ತೊಬ್ಬಳು ಬಂದರೆ ಮತ್ತೆ ನೋಡುವುದು, ಮತ್ತೊಂದು ಗೆರೆ. ಅವನ ಮನಸ್ಸಿನಲ್ಲಿ ಇಪ್ಪತ್ತು ಸೀರೆ ಬಿಟ್ಟು ಬೇರೇನೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ನೋಡುವವರಿಗೆ ಏನು ಕಂಡೀತು? ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಹಿಡಿದು ಎರಡು ಬಿಟ್ಟು, ಬಸ್ ಸ್ಟ್ಯಾಂಡಿನ ಪೊಲೀಸ್ ಚೌಕಿಗೆ ತಂದು ಕೂಡಿಸಿದರು.

ಸಾಲೆಗೆ ಫೋನು ಬಂತು. “ಇಲ್ಲೊಬ್ರು, ನಿಮ್ಮ ಸಾಲಿ ಟೀಚರ್ ನನ್ನ ಅಣ್ಣನ ಮಗಳು ಅನ್ನಾಕತ್ತಾರ. ಬಂದ ಗುರ್ತ ಹೇಳಿ ಹೋಗ್ರಿ.” ದಾರಿಯುದ್ದಕ್ಕೂ ಅದು ಬೇರೆ ಯಾರೋ ಆಗಿರಲಿ ಎಂದು ಬೇಡಿಕೊಂಡೆ. ಚೌಕಿಯ ಮುಂದೆ ಜನ ಮುತ್ತಿದ್ದರು, ನನ್ನ ಕ್ಲಾಸಿನ ಇಬ್ಬರು ಹುಡುಗಿಯರ ತಾಯಂದಿರೂ ಅದರಲ್ಲಿದ್ದರು. ಬೆಂಚಿನ ಮೇಲೆ ಕಾಕಾ. ಅಂಗಿಯ ಕಾಲರು ಹರಿದಿತ್ತು, ಒಂದು ಕೆನ್ನೆ ಕೆಂಪಗಾಗಿತ್ತು. ನನ್ನನ್ನು ಕಂಡ ಕೂಡಲೇ ಅವನ ಮುಖದಲ್ಲಿ ‘ಬಂದಳಪ್ಪಾ’ ಎಂಬ ನೆಮ್ಮದಿ ಮೂಡಿತು. ಅದನ್ನು ನಾನು ನೋಡಿದೆ. ನೋಡಿಯೂ ಹೇಳಿದ್ದು ಇಷ್ಟು.

ಜಮಾದಾರ ಕೇಳಿದ, “ಇವರು ನಿಮಗ ಏನ್ ಆಗಬೇಕ್ರಿ ಟೀಚರ್?”

“ನಮ್ಮ ಓಣಿಯವರ್ರಿ.”

“ಅಡ್ಡಹೆಸರ ಎರಡೂ ಒಂದ ಅದಾವಲ್ರಿ?”

“ನಮ್ಮ ಓಣಿ ತುಂಬ ಅದ ಅಡ್ಡಹೆಸರ್ರಿ.”

ಜಮಾದಾರ ಕಾಕಾನ ಕಡೆ ತಿರುಗಿದ. “ಮತ್ತ ಅಣ್ಣನ ಮಗಳು ಅಂದಿ?”

ಕಾಕಾ ನನ್ನನ್ನೊಮ್ಮೆ ನೋಡಿದ. ನೋಟ್‌ಬುಕ್ಕನ್ನು ಮೆಲ್ಲಗೆ ಮುಚ್ಚಿದ. “ಓಣ್ಯಾಗ ಹಂಗ ಅಂತೇವ್ರಿ ಸಾಹೇಬ್ರ. ಟೀಚರ್ ಅವ್ರು ದೊಡ್ಡ ಮನಸಿನವ್ರು, ಕರದ ಕೂಡ್ಲೆ ಬಂದಾರ” ಎಂದ.

ಎತ್ತಿ ಆಡಿಸಿ ಬೆಳೆಸಿದ ಕೈಗಳ ಮನುಷ್ಯ ನನ್ನನ್ನು ‘ಅವ್ರು’ ಅಂದ. ನನ್ನ ಸುಳ್ಳಿಗೆ ತಾನೇ ಹೆಗಲು ಕೊಟ್ಟ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಅವನು ಸೀರೆ ನೇಯುವವನು, ಕಿಸೆಗೆ ಜಾಗ ಹುಡುಕಲು ಬಂದವನು, ನನ್ನನ್ನು ಸಾಕಿದವನು ಎಂದು ಮೂರು ಮಾತು ಹೇಳಿದ್ದರೆ ಜನ ಅಷ್ಟು ನಕ್ಕು ಮನೆಗೆ ಹೋಗುತ್ತಿದ್ದರು. ಹೇಳಲಿಲ್ಲ. ಜಮಾದಾರ ಇನ್ನೊಮ್ಮೆ ಹೀಗೆ ಮಾಡುವುದಿಲ್ಲ ಎಂದು ಬರೆಸಿಕೊಂಡು, ನೋಟ್‌ಬುಕ್ಕನ್ನು ಇಟ್ಟುಕೊಂಡು ಅವನನ್ನು ಬಿಟ್ಟು ಕಳಿಸಿದ. ಕಾಕಾ ರಬಕವಿಯ ಬಸ್ಸು ಹುಡುಕುತ್ತ ಹೋದ. ಒಂದು ಕಪ್ಪು ಚಹಾ ಕುಡಿದು ಹೋಗು ಎಂದು ಕೂಡ ನಾನು ಅನ್ನಲಿಲ್ಲ, ಆ ತಾಯಂದಿರು ಇನ್ನೂ ಅಲ್ಲೇ ನಿಂತಿದ್ದರಲ್ಲ!

ಅವಸರದವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಿಸೆ ಸೀರೆ ಆಯಿತು. ಸಾವಕಾರ ಇಪ್ಪತ್ತನ್ನೂ ಒಯ್ದ, ತಿರುಗಿ ಬಂದು ಮತ್ತೆ ಕೇಳಿದ. ಮುಧೋಳದ ಸಂತೆಯಲ್ಲಿ ಬದನೆಕಾಯಿ ಮಾರುವ ಹೆಣ್ಣುಮಗಳೊಬ್ಬಳು ಟೊಂಕದ ಕಿಸೆಯಿಂದ ಫೋನು ತೆಗೆದು “ಹಲೋ” ಅಂದದ್ದನ್ನು ನಾನೇ ಕಂಡಿದ್ದೇನೆ. ಬಾಡಗಂಡಿ ಕಡೆ ಕಬ್ಬು ಕಡಿಯುವ ಹೆಂಗಸರು ಅದರಲ್ಲಿ ತಂಬಾಕು ಇಡುತ್ತಾರಂತೆ, ಕಾಕಾನಿಗೆ ಅದೊಂದು ಸಿಟ್ಟು. ಆದರೆ ಆ ಕಿಸೆ ತನ್ನ ಜಾಗಕ್ಕೆ ಹೇಗೆ ಬಂತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ಚೌಕಿಯ ಸಂಗತಿಯಾಗಿ ಎರಡು ತಿಂಗಳು ನಾನು ರಬಕವಿಗೆ ಹೋಗಲಿಲ್ಲ. ಪರೀಕ್ಷೆ, ಪೇಪರು, ಟ್ರೇನಿಂಗು, ನೆಪಗಳಿಗೇನು ಕಡಿಮೆ? ಕೊನೆಗೆ ಚಿಗವ್ವನ ಫೋನು ಬಂತು.

“ನಿಮ್ಮ ಕಾಕಾನ್ನ ಬಂದ ನೋಡ ಬೇ. ತಲಿ ಎತ್ತಿ ನಡ್ಯಾಂಗಿಲ್ಲ. ಹೆಣ್ಮಕ್ಕಳು ಎದುರ ಬಂದ್ರ ಗ್ವಾಡಿ ಕಡೆ ಮುಖಾ ಮಾಡಿ ನಿಂದರತಾರ. ನನ್ನ ಮುಖಾನೂ ನೋಡವಲ್ರು. ಜಮಖಂಡ್ಯಾಗ ಏನರ ಆತೇನು? ಕೇಳಿದ್ರ ಹೇಳವಲ್ರು.”

ಹೆಂಡತಿಯ ಮುಂದೆಯೂ ಅವನು ನನ್ನ ಹೆಸರು ಎತ್ತಿರಲಿಲ್ಲ. ಮಾರನೆಯ ಭಾನುವಾರ ಮೊದಲ ಬಸ್ಸಿಗೆ ಹೋದೆ.

ಕಾಕಾ ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮೂರನೆಯ ಸೀರೆಯ ಹಾಸುನೂಲು ಮಗ್ಗಕ್ಕೇರಿತ್ತು, ಅದರ ಮೇಲೆ ಧೂಳು ಕೂತಿತ್ತು. “ಬಂದ್ಯಾ ಬೇ? ಚಿಗವ್ವ ಒಳಗ ಅದಾಳ” ಎಂದ, ನೂಲಿನ ಕಡೆ ನೋಡುತ್ತ.

“ಕಿಸೆ ಎಲ್ಲಿಗೆ ಬಂತು ಕಾಕಾ?”

“ಬಿಟ್ಟೆ ಅದನ್ನ. ಬರೇ ಸೀರಿ ನೇದ್ರ ಸಾಕು. ಸಾವಕಾರಗೂ ಹೇಳಿ ಕಳಿಸ್ತೇನಿ.”

“ಯಾಕ?”

“ಎಲ್ಲಿ ಇಡಬೇಕಂತ ತಿಳೀಬೇಕಂದ್ರ ನೋಡಬೇಕಲ್ಲ. ನೋಡೂದ ಬ್ಯಾಡ ನನಗ” ಎಂದು ಕಡಿದಿರದ ಎಳೆಯೊಂದನ್ನು ಹಿಡಿದು ಮತ್ತೆ ಗಂಟು ಹಾಕತೊಡಗಿದ.

ಸೋತದ್ದೇ ಗೊತ್ತಿಲ್ಲದ ಮನುಷ್ಯ ಅವನು. ಬಾಗಿಲು ವಾಪಸು ಬಂದಾಗ ಸೋಲಲಿಲ್ಲ, ಖಣ ವಾಪಸು ಬಂದಾಗ ಸೋಲಲಿಲ್ಲ, ಇಡೀ ಊರು ನಕ್ಕಾಗಲೂ ಸೋಲಲಿಲ್ಲ. ಅವನು ಕೆಟ್ಟ ಕಣ್ಣಿನವನಲ್ಲ ಎಂದು ಆ ದಿನ ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ನಾನು ಹೇಳದೆ ಹೋದದ್ದರಿಂದ ಅವನಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಬಂದುಬಿಟ್ಟಿತ್ತು. ಇಷ್ಟು ವರ್ಷ ಅವನಿಂದಾಗಿ ನನಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆ ಕೋಣೆಯಲ್ಲಿ ನಿಂತಾಗ ನನ್ನ ಬಗ್ಗೆ ನನಗೇ ಎಷ್ಟು ನಾಚಿಕೆಯಾಯಿತೆಂದರೆ ಅಳಲೂ ಮುಖವಿರಲಿಲ್ಲ.

ಒಳಗೆ ಹೋಗಿ ಆ ಎರಡನೆಯ ಸೀರೆ ಕೇಳಿದೆ. ಚಿಗವ್ವ ತೆಗೆದುಕೊಟ್ಟಳು. ಉಟ್ಟುಕೊಂಡೆ. ಸಾವಕಾರ ಹೇಳಿದಂತೆ ಕಿಸೆ ಬೆನ್ನಿಗೇ ಹೋಗಿತ್ತು. ಹಾಗೇ ಹೊರಗೆ ಬಂದು ಮಗ್ಗದ ಕೋಣೆಯ ಬೀದಿ ಕಡೆಯ ಬಾಗಿಲನ್ನು ಪೂರ್ತಿ ತೆರೆದೆ. ಎದುರಿನ ಕಟ್ಟೆಯ ಮೇಲೆ ಯಾವತ್ತಿನ ಹಾಗೆ ಜನ ಇದ್ದರು. ಇರಲಿ.

“ಕಾಕಾ, ಚೌಕ್ಯಾಗ ನಾ ಸುಳ್ಳ ಹೇಳಿದೆ.”

“ಆ ಮಾತ ಯಾಕ ಈಗ? ನಿನ್ನ ನೌಕರಿ, ನಿನ್ನ ಮರ್ಯಾದಿ. ನಿನ್ನ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ದೆ.”

“ನೀ ಅಂತಿರಲಿಲ್ಲ.”

ಅವನು ಗಂಟು ಹಾಕುವುದನ್ನು ನಿಲ್ಲಿಸಿದ. ಬೆರಳಲ್ಲಿ ಎಳೆ ಹಾಗೇ ಇತ್ತು.

“ಕಾಕಾ, ನಾ ನಿನ್ನ ಮಗಳು. ಸೀರಿ ಉಟ್ಟ ಬಂದೇನಿ. ಕಿಸೆ ಎಲ್ಲಿ ಬರಬೇಕು ನೋಡಿ ಹೇಳು. ತಲಿ ಎತ್ತು.”

ಎತ್ತಲಿಲ್ಲ. ನಾನು ಕುಣಿಯ ದಂಡೆಯ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಬಂದೆ. ಚಿಗವ್ವ ಬಾಗಿಲ ಹತ್ತಿರ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಎದುರು ಕಟ್ಟೆಯಿಂದ ಯಾರೋ, “ಏನ್ ನಡದೈತ್ರಿ ಅಲ್ಲಿ?” ಎಂದು ಕೂಗಿದರು. “ನಮ್ಮ ಕಾಕಾ ಅಳತಿ ತಗೋಳಾಕತ್ತಾನ್ರಿ!” ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಕಾಕಾ ತಲೆ ಎತ್ತಿದ. ಸೀರೆಯನ್ನು ನೋಡಲಿಲ್ಲ, ಕಿಸೆಯನ್ನು ಹುಡುಕಲಿಲ್ಲ. ಎರಡು ತಿಂಗಳಿನಿಂದ ಯಾರ ಮುಖವನ್ನೂ ನೋಡದ ಕಣ್ಣುಗಳನ್ನು ನನ್ನ ಮುಖದ ಮೇಲಿಟ್ಟು ಬಹಳ ಹೊತ್ತು ನೋಡಿದ.

“ಸೊರಗೀಯಲ್ಲ ಬೇ” ಎಂದ. “ಊಟಾ ಮಾಡವಲ್ಲೇನು? ಕಿಸೆ ಆಮ್ಯಾಲ ನೋಡೂಣು. ಮೊದಲ ಒಂದ ರೊಟ್ಟಿ ತಿನ್ನು ನಡಿ.”